ಗಾಳದ ಕೋಲಿಗೆ ಎಪಾಕ್ಸಿ: ಅಳೆಯುವ ಮತ್ತು ಕಲಸುವ ಕ್ರಮ

ಬರಿಯ ಬ್ಲ್ಯಾಂಕ್, ಅಂದರೆ ಏನೂ ಜೋಡಿಸದ ಕೋಲನ್ನಷ್ಟೇ ತರಿಸಿ, ಅದಕ್ಕೆ ಕಾರ್ಕಿನ ಹಿಡಿಕೆ ಕೂರಿಸಿ, ಗೈಡುಗಳನ್ನು (ಗಾಳದ ದಾರ ಹಾದುಹೋಗುವ ಬಳೆಗಳನ್ನು) ನೈಲಾನ್ ದಾರದಿಂದ ಸುತ್ತಿ ಗಾಳದ ಕೋಲನ್ನು ತಾವೇ ಕಟ್ಟಿಕೊಳ್ಳುವವರಿಗೆ ದಾರದ ಸುತ್ತು ಅಷ್ಟೊಂದು ತೊಂದರೆ ಕೊಡುವುದಿಲ್ಲ. ಸುತ್ತು ಸರಿ ಬಾರದಿದ್ದರೆ ಬಿಚ್ಚಿ ಮತ್ತೆ ಸುತ್ತಬಹುದು. ಆ ಸುತ್ತಿನ ಮೇಲೆ ಹಚ್ಚಿದ ಎಪಾಕ್ಸಿ (ಎರಡು ದ್ರವಗಳನ್ನು ಅಳೆದು ಕಲಸಿ ಹಚ್ಚುವ, ಆಮೇಲೆ ಗಟ್ಟಿಯಾಗುವ ಲೇಪ) ವಾರ ಕಳೆದರೂ ಬೆರಳಿಗೆ ಅಂಟುತ್ತಿದ್ದರೆ ಮಾತ್ರ ಕೆಲಸವೆಲ್ಲ ಹಿಂದಕ್ಕೆ ಹೋಗುತ್ತದೆ. ಇಂಥ ಸಂದರ್ಭದಲ್ಲಿ ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ಮಳೆ. ಮೂಡಿಗೆರೆ, ಸಕಲೇಶಪುರ, ಶೃಂಗೇರಿಯ ಮಳೆಗೆ ಇದರಲ್ಲಿ ಪಾಲಿಲ್ಲವೆಂದಲ್ಲ; ಆದರೆ ಅಂಟಂಟಾಗಿ ಉಳಿದ ಕೋಲುಗಳ ಪೈಕಿ ಹೆಚ್ಚಿನವು ಕೆಟ್ಟಿರುವುದು ಸಿರಿಂಜಿನಲ್ಲಿ ಮತ್ತು ಕಲಸುವ ಬಟ್ಟಲಿನಲ್ಲಿ. ಆದ್ದರಿಂದ ಈ ಲೇಖನ ಬ್ರಷ್ ಹಿಡಿಯುವುದಕ್ಕಿಂತ ಹಿಂದಿನ ಅರ್ಧ ಗಂಟೆಯನ್ನೇ ಹೆಚ್ಚು ವಿವರವಾಗಿ ನೋಡುತ್ತದೆ.

ಎರಡು ಬಾಟಲಿಗಳ ಲೆಕ್ಕ

ಗೋಡೆಗೆ ಬಳಿಯುವ ಬಣ್ಣ ಒಣಗುವುದು ಅದರೊಳಗಿನ ನೀರು ಅಥವಾ ತಿನ್ನರ್ ಆವಿಯಾಗಿ ಹೋಗುವುದರಿಂದ. ಎಪಾಕ್ಸಿಯಲ್ಲಿ ಆವಿಯಾಗಿ ಹೋಗುವಂಥದ್ದು ಬಹುಮಟ್ಟಿಗೆ ಏನೂ ಇರುವುದಿಲ್ಲ. ಎ ಎಂದು ಗುರುತಿಸಿದ ಬಾಟಲಿಯಲ್ಲಿ ರೆಸಿನ್, ಬಿ ಎಂದು ಗುರುತಿಸಿದ ಬಾಟಲಿಯಲ್ಲಿ ಅಮೀನ್ ಜಾತಿಯ ಹಾರ್ಡ್‌ನರ್ ಇರುತ್ತದೆ. ಹಾರ್ಡ್‌ನರಿನ ಅಣುಗಳು ರೆಸಿನ್ ಅಣುಗಳ ತುದಿಗಳನ್ನು ಹಿಡಿದು ಒಂದಕ್ಕೊಂದು ಹೆಣೆದುಕೊಂಡಾಗ ದ್ರವವೇ ಗಟ್ಟಿ ಪದರವಾಗುತ್ತದೆ. ಇಷ್ಟು ತುದಿಗೆ ಇಷ್ಟು ಹಿಡಿತ ಎಂಬ ಲೆಕ್ಕವನ್ನು ತಯಾರಕರು ಮೊದಲೇ ಹಾಕಿ ಪ್ರಮಾಣವನ್ನು ಲೇಬಲಿನ ಮೇಲೆ ಬರೆದಿರುತ್ತಾರೆ. ರೆಸಿನ್ ಹೆಚ್ಚಾದರೆ ಜೊತೆ ಸಿಗದ ರೆಸಿನ್, ಹಾರ್ಡ್‌ನರ್ ಹೆಚ್ಚಾದರೆ ಜೊತೆ ಸಿಗದ ಹಾರ್ಡ್‌ನರ್ ಆ ಪದರದೊಳಗೆ ಹಾಗೆಯೇ ಉಳಿದುಬಿಡುತ್ತದೆ, ಎಷ್ಟು ದಿನ ಬಿಸಿಲಿಗಿಟ್ಟರೂ ಅದು ಹೋಗುವುದಿಲ್ಲ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಒಂದೆರಡು ಹನಿ ಜಾಸ್ತಿ ಹಾಕುವ ಅಭ್ಯಾಸ ಬಂದಿರುವುದು ಫೈಬರ್ ಕೆಲಸದ ಪಾಲಿಯೆಸ್ಟರ್ ರೆಸಿನ್‌ನಿಂದ. ಅಲ್ಲಿ ಹಾಕುವುದು ಕ್ರಿಯೆಯನ್ನು ಕೆರಳಿಸುವ ಪದಾರ್ಥವಾದ್ದರಿಂದ ಅದು ನಡೆಯುತ್ತದೆ. ಎಪಾಕ್ಸಿಯಲ್ಲಿ ಅದೇ ಒಂದೆರಡು ಹನಿ ಲೇಪವನ್ನು ಮೆತ್ತಗಾಗಿಸುತ್ತದೆ.

ಗಾಳದ ಕೋಲಿಗೆಂದೇ ತಯಾರಾಗುವ ಫ್ಲೆಕ್ಸ್ ಕೋಟ್‌ನಂತಹ ಫಿನಿಶ್‌ಗಳನ್ನು ಸಾಮಾನ್ಯವಾಗಿ ಒಂದಕ್ಕೆ ಒಂದರಂತೆ, ಗಾತ್ರದ ಅಳತೆಯಲ್ಲಿ ಸೇರಿಸಬೇಕು. ಕರಕುಶಲ ಕೆಲಸಕ್ಕೆ ಮಾರುವ ಆರ್ಟ್ ರೆಸಿನ್‌ಗಳಲ್ಲಿ ಎರಡಕ್ಕೆ ಒಂದು, ಮೂರಕ್ಕೆ ಒಂದು ಎಂಬ ಪ್ರಮಾಣಗಳೂ ಇವೆ. ಕೆಲವು ಗಾತ್ರದಲ್ಲಿ, ಕೆಲವು ತೂಕದಲ್ಲಿ. ಮನೆಯಲ್ಲಿರುವ ಅರಾಲ್ಡೈಟ್ ಕೂಡ ಎಪಾಕ್ಸಿಯೇ, ಆದರೆ ಅದು ಅಂಟು; ದಾರದ ಮೇಲೆ ಹರಿದು ತಾನಾಗಿ ಸಮವಾಗುವಷ್ಟು ತೆಳುವಲ್ಲ. ಹಿಡಿಕೆ ಕೂರಿಸಲು ಅದು ಸಾಕು, ಗೈಡಿನ ಸುತ್ತಿಗೆ ಬೇಡ.

ಗಾತ್ರವೋ ತೂಕವೋ ಎಂಬುದನ್ನು ಲೇಬಲಿನಲ್ಲಿ ಎರಡು ಸಲ ಓದಬೇಕು. ರೆಸಿನ್ ನೀರಿಗಿಂತ ಭಾರ; ಒಂದು ಸಿಸಿ ಸುಮಾರು 1.15 ಗ್ರಾಂ ತೂಗುತ್ತದೆ. ಹಾರ್ಡ್‌ನರ್ ಹೆಚ್ಚುಕಡಿಮೆ ನೀರಿನಷ್ಟೇ, ಎಷ್ಟೋ ಸಲ ಅದಕ್ಕಿಂತ ತುಸು ಹಗುರ. ಗಾತ್ರದಲ್ಲಿ ಒಂದಕ್ಕೆ ಒಂದು ಎಂದು ಬರೆದಿರುವುದನ್ನು ತಕ್ಕಡಿಯಲ್ಲಿಟ್ಟು ಸಮ ತೂಕ ಮಾಡಿದರೆ ಹಾರ್ಡ್‌ನರ್ ಶೇಕಡ 15ರಿಂದ 20ರಷ್ಟು ಹೆಚ್ಚಾಗಿ ಬೀಳುತ್ತದೆ. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಕೊಂಡವರು ಸಿರಿಂಜಿಗಿಂತ ತಾವು ಹೆಚ್ಚು ಕರಾರುವಾಕ್ಕೆಂದು ತಿಳಿದು ಸಿಕ್ಕಿಬೀಳುವುದು ಇಲ್ಲಿಯೇ. ತಕ್ಕಡಿಯನ್ನೇ ಬಳಸಬೇಕೆಂದಿದ್ದರೆ ಮೊದಲು ನಿಮ್ಮ ಬಾಟಲಿಗಳಿಂದಲೇ ತಲಾ 5 ಸಿಸಿ ರೆಸಿನ್ ಮತ್ತು ಹಾರ್ಡ್‌ನರನ್ನು ಬೇರೆಬೇರೆ ಬಟ್ಟಲಿನಲ್ಲಿ ತೂಗಿ, ಆ ಎರಡು ಅಂಕಿಗಳನ್ನು ಬಾಟಲಿಯ ಮೇಲೆ ಬರೆದಿಟ್ಟುಕೊಳ್ಳಿ. ಮುಂದೆ ಆ ಅನುಪಾತದಲ್ಲಿ ತೂಗಿದರೆ ಗಾತ್ರದ ಲೆಕ್ಕ ತಪ್ಪುವುದಿಲ್ಲ. ತಕ್ಕಡಿ, ಸಿರಿಂಜ್ ಎರಡನ್ನೂ ಪರೀಕ್ಷಿಸಲು ನೀರು ಸಾಕು: 5 ಸಿಸಿ ನೀರು 5 ಗ್ರಾಂ ತೂಗಬೇಕು. ಈ ಪರೀಕ್ಷೆಗೆ ಅದೇ ಪೊಟ್ಟಣದ ಬೇರೊಂದು ಸಿರಿಂಜ್ ಇರಲಿ, ಎಪಾಕ್ಸಿ ಎಳೆಯುವ ಸಿರಿಂಜಿನೊಳಗೆ ನೀರು ಹೋಗಕೂಡದು.

ಸಿರಿಂಜಿನ ಆಯ್ಕೆ

ಮೆಡಿಕಲ್ ಶಾಪಿನಲ್ಲಿ ಸಿಗುವ ಡಿಸ್ಪೋಸಬಲ್ ಸಿರಿಂಜ್‌ಗಳಲ್ಲಿ ಎರಡು ಬಗೆ ಇವೆ. ಒಂದರ ಒಳದಂಡದ ತುದಿಗೆ ಕಪ್ಪು ರಬ್ಬರ್ ಇರುತ್ತದೆ. ಅದು ಸಲೀಸಾಗಿ ಜಾರಲಿ ಎಂದು ಒಳಗೆ ಸಿಲಿಕೋನ್ ಎಣ್ಣೆಯ ತೆಳುವಾದ ಲೇಪ ಕೊಟ್ಟಿರುತ್ತಾರೆ. ಇನ್ನೊಂದರಲ್ಲಿ ರಬ್ಬರ್ ಇರುವುದಿಲ್ಲ, ಪ್ಲಾಸ್ಟಿಕ್ ದಂಡವೇ ಪ್ಲಾಸ್ಟಿಕ್ ಕೊಳವೆಯೊಳಗೆ ಬಿಗಿಯಾಗಿ ಕೂರುತ್ತದೆ. ಎಪಾಕ್ಸಿಗೆ ಎರಡನೆಯದೇ ಒಳ್ಳೆಯದು, ಏಕೆಂದರೆ ಸಿಲಿಕೋನಿನ ಸೋಂಕು ತಗುಲಿದ ಕಡೆ ಲೇಪ ದಾರವನ್ನು ಒಪ್ಪದೆ ಹಿಂದಕ್ಕೆ ಸರಿದು, ಮಧ್ಯದಲ್ಲಿ ಬರಿಯ ದಾರ ಕಾಣುವ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ರಬ್ಬರಿನದ್ದೇ ಸಿಕ್ಕರೆ ಎಣ್ಣೆ ಹಾಕದ ಬಗೆಯೇ ಎಂದು ಕೇಳಿ ಕೊಳ್ಳಬೇಕು. ಕೋಲಿಗೆಂದು ಮಾರುವ ಎಪಾಕ್ಸಿಯ ಜೊತೆಯಲ್ಲೇ ಸಿರಿಂಜ್ ಬಂದಿದ್ದರೆ ಈ ತಲೆನೋವಿಲ್ಲ.

3 ಸಿಸಿ ಸಿರಿಂಜಿನಲ್ಲಿ ಸಾಮಾನ್ಯವಾಗಿ 0.1ರ ಗೆರೆಗಳಿರುತ್ತವೆ, 5 ಸಿಸಿಯದರಲ್ಲಿ 0.2ರವು. ಮಾಡುವ ಕೆಲಸ ಚಿಕ್ಕದೆಂದು ತಲಾ 1 ಸಿಸಿ ಮಾತ್ರ ಅಳೆಯುವುದು ಉಳಿತಾಯದಂತೆ ಕಾಣುತ್ತದೆ. ಆದರೆ ಒಂದು ಗೆರೆ, ಅಂದರೆ 0.1 ಸಿಸಿ ತಪ್ಪಿದರೆ 1 ಸಿಸಿಯಲ್ಲಿ ಅದು ನೂರಕ್ಕೆ ಹತ್ತರಷ್ಟು ತಪ್ಪು, 3 ಸಿಸಿಯಲ್ಲಿ ನೂರಕ್ಕೆ ಮೂರು ಚಿಲ್ಲರೆ. ಆದ್ದರಿಂದ ಒಂದೇ ಗೈಡಿಗೆ ಹಚ್ಚುವುದಿದ್ದರೂ ತಲಾ 3 ಸಿಸಿಗಿಂತ ಕಡಿಮೆ ಅಳೆಯಬೇಡಿ. ಹೀಗೆ ಆಗುವ 6 ಸಿಸಿ ಮಿಶ್ರಣ ಏಳೆಂಟು ಗೈಡುಗಳಿರುವ ಕೋಲಿಗೆ ಒಂದು ಕೋಟ್ ಹಚ್ಚಲು ಸಾಕಾಗಿ ಮಿಗುತ್ತದೆ. ಮಿಕ್ಕಿದ್ದು ದಂಡವಾಯಿತಲ್ಲ ಎಂದು ಕೊರಗುವವರಿಗೆ ಅಡಿಕೆಗೆ ಹೋದ ಮಾನದ ಗಾದೆಯನ್ನು ನೆನಪಿಸಬಹುದು. ಮಿಕ್ಕಿದ್ದಕ್ಕೂ ಒಂದು ಉಪಯೋಗವಿದೆ, ಅದನ್ನು ಮುಂದೆ ಹೇಳುತ್ತೇನೆ.

ಒಂದು ಸಿರಿಂಜಿನ ಮೇಲೆ ಕೆಂಪು ಟೇಪ್ ಸುತ್ತಿ ಎ ಎಂದೂ ಇನ್ನೊಂದರ ಮೇಲೆ ಬಿ ಎಂದೂ ಬರೆಯಿರಿ. ಬಾಟಲಿಗಳ ಮುಚ್ಚಳಗಳಿಗೂ ಅದೇ ಗುರುತು ಇರಲಿ. ಮುಚ್ಚಳ ಅದಲುಬದಲಾದರೆ ಬಾಟಲಿಯ ಬಾಯಿಯಲ್ಲೇ ಎರಡೂ ಸೇರಿ ಗಟ್ಟಿಯಾಗಿ, ಮುಂದಿನ ಸಲ ಮುಚ್ಚಳ ತೆರೆಯುವುದೇ ಇಲ್ಲ.

ಬೆಚ್ಚಗೆ ಮಾಡುವುದು

ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ ಊರುಗಳು. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಆ ಚಳಿಗೆ ರೆಸಿನ್ ದಪ್ಪವಾಗಿ ಸಿರಿಂಜಿನೊಳಗೆ ಬರಲು ಒಪ್ಪುವುದಿಲ್ಲ. ಬಲವಂತವಾಗಿ ಎಳೆದರೆ ಅದರ ಬದಲು ಗಾಳಿ ಬರುತ್ತದೆ. ಕೆಲವು ಸಲ ಬಾಟಲಿಯ ತಳದಲ್ಲಿ ರೆಸಿನ್ ಜೇನುತುಪ್ಪದ ಹಾಗೆ ಹರಳುಗಟ್ಟಿ ಬೆಳ್ಳಗೆ ಕಾಣುತ್ತದೆ. ಅದು ಕೆಟ್ಟಿದೆಯೆಂದು ಎಸೆಯುವ ಅಗತ್ಯವಿಲ್ಲ, ಬಿಸಿನೀರಿನಲ್ಲಿಟ್ಟು ಹರಳೆಲ್ಲ ಕರಗಿ ಪೂರ್ತಿ ತಿಳಿಯಾದ ಮೇಲೆ ಬಳಸಬಹುದು. ಹರಳು ಉಳಿದಿರುವಾಗ ಮೇಲಿನ ತಿಳಿಯನ್ನಷ್ಟೇ ಎಳೆದು ಅಳೆಯುವುದು ಸರಿಯಲ್ಲ.

ಬಚ್ಚಲ ಹಂಡೆಯಿಂದ ಒಂದು ಪಾತ್ರೆ ನೀರು ತಂದು, ತಣ್ಣೀರು ಬೆರೆಸಿ ಸುಮಾರು 40 ಡಿಗ್ರಿಗೆ, ಅಂದರೆ ಕೈ ಮುಳುಗಿಸಿದರೆ ಹಿತವಾಗಿ ಬಿಸಿ ಎನ್ನಿಸುವಷ್ಟಕ್ಕೆ ತನ್ನಿ. ಮುಚ್ಚಳ ಬಿಗಿಯಾಗಿರುವ ಎರಡೂ ಬಾಟಲಿಗಳನ್ನು ಕುತ್ತಿಗೆಯವರೆಗೆ ಅದರಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ. ಹೊರತೆಗೆದ ಕೂಡಲೇ ಮುಚ್ಚಳದ ಸುತ್ತಲಿನ ನೀರನ್ನು ಒಣ ಬಟ್ಟೆಯಿಂದ ಒರೆಸಬೇಕು. ಬೇಗ ತೆಳುವಾಗಲೆಂದು ಕುದಿಯುವ ನೀರಿಗೆ ಇಳಿಸಬೇಡಿ. ಹೆಚ್ಚು ಬಿಸಿಯಾದ ರೆಸಿನ್ ಕಲಸಿದ ಕೂಡಲೇ ಬಿಗಿಯತೊಡಗುತ್ತದೆ, ಏಕೆಂದರೆ ಉಷ್ಣತೆ ಹತ್ತು ಡಿಗ್ರಿ ಏರಿದರೆ ಗಟ್ಟಿಯಾಗುವ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತೆಳು ಮಾಡಲು ಅಸಿಟೋನ್ ಹಾಕುವ ಪದ್ಧತಿಯೂ ಇದೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಬಿಸಿನೀರಿನಿಂದ ಆಗುವ ಕೆಲಸಕ್ಕೆ ಹೊರಗಿನ ದ್ರಾವಕವನ್ನು ಸೇರಿಸಿ, ಅದು ಲೇಪದೊಳಗಿನಿಂದ ಪೂರ್ತಿ ಹೊರಗೆ ಹೋಯಿತೇ ಇಲ್ಲವೇ ಎಂದು ಯೋಚಿಸುತ್ತ ಕೂರುವುದೇಕೆ?

ಅಳೆಯುವುದು

ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ. ಹಾರ್ಡ್‌ನರ್ ಚರ್ಮಕ್ಕೆ ಮತ್ತೆ ಮತ್ತೆ ತಗುಲಿದರೆ ಕೆಲವರಿಗೆ ಅಲರ್ಜಿ ಹುಟ್ಟಿಕೊಳ್ಳುತ್ತದೆ, ಒಮ್ಮೆ ಹುಟ್ಟಿದ್ದು ಸುಲಭಕ್ಕೆ ಬಿಡುವುದಿಲ್ಲ. ಕೈಗೆ ತಗುಲಿದರೆ ಸೋಪು ನೀರಿನಿಂದ ತೊಳೆಯಬೇಕು. ತಿನ್ನರ್ ಅಥವಾ ಸ್ಪಿರಿಟ್ ಹಚ್ಚಿ ಉಜ್ಜಿದರೆ ಅದು ಚರ್ಮದೊಳಕ್ಕೆ ಇನ್ನಷ್ಟು ಇಳಿಯುತ್ತದೆ. ಕೈಗವಸಿಗೆ ಇನ್ನೊಂದು ಕಾರಣವೂ ಉಂಟು: ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಿಂದಲೋ ಸೊಳ್ಳೆ ಮುಲಾಮು ಸವರಿದ ಕೈಯಿಂದಲೋ ದಾರವನ್ನು ಮುಟ್ಟಿದರೆ, ಸಿಲಿಕೋನ್ ತಗುಲಿದ ಕಡೆ ಬೀಳುವಂಥದೇ ಗುಳಿಗಳು ಅಲ್ಲಿಯೂ ಬೀಳುತ್ತವೆ.

ಸೂಜಿ ಹಾಕದ ಸಿರಿಂಜಿನ ಮೂತಿಯನ್ನು ರೆಸಿನ್‌ನೊಳಗೆ ಮುಳುಗಿಸಿ ದಂಡವನ್ನು ನಿಧಾನವಾಗಿ ಎಳೆಯಿರಿ. 5 ಸಿಸಿ ಸಿರಿಂಜಾದರೆ 4ರ ಗೆರೆ ದಾಟುವವರೆಗೆ ಎಳೆಯಬೇಕು. ಮೂತಿಯನ್ನು ಮೇಲ್ಮುಖ ಮಾಡಿ ಒಂದು ನಿಮಿಷ ಹಿಡಿದರೆ ಒಳಗಿನ ಗುಳ್ಳೆ ಮೇಲೇರುತ್ತದೆ, ದಂಡವನ್ನು ತುಸು ಒತ್ತಿದರೆ ಗಾಳಿ ಹೊರಗೆ ಹೋಗಿ ಮೂತಿಯ ಬಾಯಲ್ಲಿ ರೆಸಿನ್ ಕಾಣಿಸುತ್ತದೆ. ಈಗ ದಂಡದ ಅಂಚು ಸರಿಯಾಗಿ 4ರ ಗೆರೆಗೆ ಬರುವವರೆಗೆ ಒತ್ತಿ, ಹೊರಬಂದ ಹನಿಯನ್ನು ಒರೆಸಿ. ಬಟ್ಟಲಿಗೆ ಹಾಕುವಾಗ ದಂಡವನ್ನು ಕೊನೆಯವರೆಗೂ ಒತ್ತದೆ 1ರ ಗೆರೆಯಲ್ಲಿ ನಿಲ್ಲಿಸಬೇಕು. ನಾಲ್ಕರಿಂದ ಒಂದಕ್ಕೆ ಬಂದರೆ ಬಿದ್ದದ್ದು 3 ಸಿಸಿ. ಪೂರ್ತಿ ಸೊನ್ನೆಯವರೆಗೆ ಒತ್ತುವಾಗ ಕೊನೆಯ ಗುಳ್ಳೆ ಮತ್ತು ಮೂತಿಯಲ್ಲಿ ಉಳಿಯುವ ಹನಿ ಲೆಕ್ಕವನ್ನು ಕೆಡಿಸುತ್ತವೆ, ಈ ಕ್ರಮದಲ್ಲಿ ಅವೆರಡೂ ಲೆಕ್ಕದ ಹೊರಗೆ ಉಳಿಯುತ್ತವೆ. ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಬೇಕು, ಓದಬೇಕಾದ್ದು ದಂಡದ ತಲೆಯಲ್ಲಿ ದ್ರವವನ್ನು ಮುಟ್ಟುವ ಅಂಚನ್ನು. ದಂಡ ನಿಂತ ಮೇಲೂ ರೆಸಿನ್ ಎಳೆಯಾಗಿ ಇಳಿಯುತ್ತಿರುತ್ತದೆ. ಆ ಎಳೆ ತುಂಡಾಗುವವರೆಗೆ ಕಾಯ್ದು, ಮೂತಿಯನ್ನು ಬಟ್ಟಲಿನ ಒಳ ಅಂಚಿಗೆ ತಾಗಿಸಿ ತೆಗೆಯಿರಿ.

ಹಾರ್ಡ್‌ನರನ್ನೂ ಬಿ ಸಿರಿಂಜಿನಲ್ಲಿ ಇದೇ ರೀತಿ ಅಳೆಯಬೇಕು. ಅದು ತೆಳುವಾಗಿರುವುದರಿಂದ ಸರಕ್ಕನೆ ಬರುತ್ತದೆ, ಗೆರೆ ದಾಟಿಬಿಡುವುದೂ ಅಷ್ಟೇ ಸುಲಭ. ಬಟ್ಟಲಿಗೆ ಯಾವುದನ್ನು ಮೊದಲು ಹಾಕಿದರೂ ರಸಾಯನದ ದೃಷ್ಟಿಯಿಂದ ವ್ಯತ್ಯಾಸವಿಲ್ಲ. ಹಾರ್ಡ್‌ನರ್ ಕೆಳಗಿದ್ದು ಭಾರದ ರೆಸಿನ್ ಮೇಲೆ ಬಿದ್ದರೆ ಬಟ್ಟಲಿನ ತಳಕ್ಕೆ ರೆಸಿನ್ ಅಂಟಿ ಕೂರುವುದು ಕಡಿಮೆ ಎಂಬ ಕಾರಣಕ್ಕೆ ನಾನು ಆ ಕ್ರಮವನ್ನೇ ಹಿಡಿದಿದ್ದೇನೆ.

ಕಲಸುವುದು

ಬಟ್ಟಲು ಮೇಣ ಹಚ್ಚಿದ ಕಾಗದದ ಲೋಟವಾಗಿರಬಾರದು. ಕೆರೆದಾಗ ಮೇಣವೂ ಮಿಶ್ರಣಕ್ಕೆ ಬರುತ್ತದೆ. ಕೆಮ್ಮಿನ ಔಷಧದ ಜೊತೆ ಬರುವಂತಹ ಪುಟ್ಟ ಪ್ಲಾಸ್ಟಿಕ್ ಬಟ್ಟಲನ್ನು ತೊಳೆದು ಪೂರ್ತಿ ಒಣಗಿಸಿಕೊಂಡರೆ ಚೆನ್ನಾಗಿ ಒದಗುತ್ತದೆ, ಆದರೆ ಅದರ ಮೇಲಿನ ಗೆರೆಗಳನ್ನು ನಂಬಿ ಅಳೆಯುವುದು ಬೇಡ. ಐಸ್‌ಕ್ರೀಮ್ ಕಡ್ಡಿಯನ್ನು ಬಹಳ ಜನ ಬಳಸುತ್ತಾರೆ. ಮರದ ರಂಧ್ರಗಳಲ್ಲಿ ಗಾಳಿ ಇರುತ್ತದೆ, ಮಳೆಗಾಲದಲ್ಲಿ ತೇವವೂ ಇರುತ್ತದೆ, ಎರಡೂ ಗುಳ್ಳೆಗೆ ದಾರಿ. ತುದಿ ಚಪ್ಪಟೆಯಾದ ನುಣುಪು ಸ್ಟೀಲ್ ಅಥವಾ ಪ್ಲಾಸ್ಟಿಕ್ ಕಡ್ಡಿ ಮೇಲು.

ಮೊಟ್ಟೆ ಕದಡುವ ವೇಗ ಇಲ್ಲಿ ಬೇಡ. ಕಡ್ಡಿಯ ಚಪ್ಪಟೆ ಭಾಗವನ್ನು ತಳಕ್ಕೆ ಒತ್ತಿ, ದ್ರವದಿಂದ ಮೇಲೆತ್ತದೆ, ನಿಧಾನವಾಗಿ ಸುತ್ತಿಸಿ. ಎರಡೂ ಸೇರಲು ಶುರುವಾದಾಗ ಒಳಗೆ ಕೂದಲಿನಷ್ಟು ತೆಳುವಾದ ಎಳೆಗಳು ಬಳುಕುತ್ತಿರುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ಎಳೆಗಳು ಇರುವಷ್ಟು ಹೊತ್ತು ಬಟ್ಟಲಿನಲ್ಲಿ ಎರಡು ಬೇರೆ ದ್ರವಗಳಿವೆ ಎಂದೇ ಅರ್ಥ. ಒಂದು ನಿಮಿಷದ ನಂತರ ಬಟ್ಟಲಿನ ಗೋಡೆ, ತಳ ಗೋಡೆ ಸೇರುವ ಮೂಲೆ, ಕೊನೆಗೆ ಕಡ್ಡಿಯ ಎರಡು ಮುಖಗಳು, ಈ ಮೂರನ್ನೂ ಕೆರೆದು ಮಧ್ಯಕ್ಕೆ ತರಬೇಕು. ಕಲಸದೆ ಉಳಿಯುವ ರೆಸಿನ್ ಅವಿತಿರುವುದು ಈ ಮೂರು ಕಡೆಯೇ. ಎಳೆಗಳು ಮಾಯವಾಗಿ ತಿಳಿಯಾದರೂ ನಿಲ್ಲಿಸದೆ, ಗಡಿಯಾರ ನೋಡಿ ಒಟ್ಟು ನಾಲ್ಕು ನಿಮಿಷ ಕಲಸಿ. ಆಮೇಲೆ ಎಲ್ಲವನ್ನೂ ಎರಡನೆಯ ಶುಚಿಯಾದ ಬಟ್ಟಲಿಗೆ ಸುರಿದು, ಬೇರೆ ಕಡ್ಡಿಯಿಂದ ಇನ್ನೊಂದು ನಿಮಿಷ ಕಲಸಬೇಕು. ಮೊದಲ ಬಟ್ಟಲಿನ ಗೋಡೆಯಲ್ಲಿ ಉಳಿದದ್ದನ್ನು ಕೆರೆದು ಸೇರಿಸುವ ಆಸೆಯನ್ನು ಬಿಡಿ, ಅದು ಅರೆಬರೆ ಕಲೆತದ್ದು. ಲೇಪವೆಲ್ಲ ಗಟ್ಟಿಯಾಗಿ ಒಂದು ಗೈಡಿನ ಹತ್ತಿರ ಮಾತ್ರ ಅಂಟು ಉಳಿಯುವುದು ಸಾಮಾನ್ಯವಾಗಿ ಆ ಕೊನೆಯ ಕೆರೆತದಿಂದ.

ಕಲಸಿದ್ದನ್ನು ಬಟ್ಟಲಿನಲ್ಲೇ ಬಿಟ್ಟರೆ ಅದು ತನ್ನ ಕ್ರಿಯೆಯ ಶಾಖದಿಂದ ತಾನೇ ಬಿಸಿಯಾಗಿ, ಆ ಬಿಸಿಯಿಂದ ಇನ್ನೂ ಬೇಗ ಬಿಗಿಯುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಸಮತಟ್ಟಾಗಿ ಹಾಸಿ ಅದರ ಮೇಲೆ ತೆಳುವಾಗಿ ಸುರಿದರೆ ಶಾಖ ಹರಡಿಹೋಗುತ್ತದೆ, ಗುಳ್ಳೆಗಳೂ ಮೇಲೆ ಬಂದು ಒಡೆಯುತ್ತವೆ. ಎರಡು ಮೂರು ನಿಮಿಷ ಹಾಗೆ ಬಿಟ್ಟು ಬ್ರಷ್ ಅದ್ದಬಹುದು. 25 ಡಿಗ್ರಿಯ ಸುಮಾರಿನಲ್ಲಿ ಇಪ್ಪತ್ತು ನಿಮಿಷ ಕೆಲಸ ಮಾಡಲು ಸಿಗುತ್ತದೆ ಎಂದುಕೊಳ್ಳಿ. ಬ್ರಷ್ಷಿನ ಹಿಂದೆ ಎಳೆ ಎದ್ದು ನಿಲ್ಲತೊಡಗಿದರೆ ಆ ಮಿಶ್ರಣದ ಆಯಸ್ಸು ಮುಗಿಯಿತು.

ಹಚ್ಚುವ ವಿಷಯವನ್ನು ಚುಟುಕಾಗಿ ಹೇಳುವುದಾದರೆ, ಮೊದಲ ಕೋಟ್ ದಾರ ಕುಡಿಯುವಷ್ಟು ತೆಳುವಾಗಿರಲಿ. ಕೋಲು ನಿಮಿಷಕ್ಕೆ ಹತ್ತರಿಂದ ಇಪ್ಪತ್ತು ಸುತ್ತು ತಿರುಗುವ ಮೋಟಾರಿನ ಮೇಲೆ ನಾಲ್ಕೈದು ಗಂಟೆಯಾದರೂ ತಿರುಗುತ್ತಿರಬೇಕು. ಗುಳ್ಳೆ ಉಳಿದರೆ ಸ್ಪಿರಿಟ್ ದೀಪದ ಜ್ವಾಲೆಯನ್ನು ತುಸು ದೂರದಿಂದ ಒಂದು ಕ್ಷಣ ಹಾಯಿಸಿ ತೆಗೆಯಬಹುದು. ಸಿಗರೇಟ್ ಲೈಟರಿನ ಮಸಿ ಲೇಪದೊಳಗೆ ಸೇರುತ್ತದೆ. ಎರಡನೆಯ ಕೋಟ್ ಮಾರನೆಯ ದಿನವೇ ಆಗಲಿ; ತಡವಾದರೆ ನುಣ್ಣನೆಯ ಉಪ್ಪು ಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ ಒರೆಸಿ ಹಚ್ಚಬೇಕು.

ಮಳೆಗಾಲದ ಮಾತು

ಕಡೂರು, ಅರಸೀಕೆರೆಯ ಬಯಲಿನಲ್ಲಿರುವವರು ಈ ಭಾಗವನ್ನು ಹಾರಿಸಿ ಓದಬಹುದು. ಮಲೆನಾಡಿನಲ್ಲಿ ಆರಿದ್ರಾದಿಂದ ಆಶ್ಲೇಷದವರೆಗಿನ ಮಳೆಗಳಲ್ಲಿ ಗಾಳಿಯ ತೇವ ಹೆಚ್ಚಿದಾಗ, ಲೇಪದ ಮೇಲ್ಮೈಗೆ ಬಂದ ಅಮೀನ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಜಿಡ್ಡಿನಂತಹ ಪೊರೆ ಕಟ್ಟುತ್ತದೆ. ಇದನ್ನು ಗಟ್ಟಿಯಾಗದ ಎಪಾಕ್ಸಿಯೆಂದು ತಪ್ಪು ತಿಳಿಯುವವರಿದ್ದಾರೆ. ಪರೀಕ್ಷೆ ಸುಲಭ: ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಪೊರೆ ಹೋಗಿ ಕೆಳಗೆ ಗಟ್ಟಿ ಲೇಪ ಸಿಗುತ್ತದೆ. ಎರಡನೆಯ ಕೋಟಿಗೆ ಮುಂಚೆ ಇದನ್ನು ತೊಳೆಯದಿದ್ದರೆ ಮೇಲಿನ ಪದರ ಕೆಳಗಿನದನ್ನು ಹಿಡಿಯುವುದಿಲ್ಲ.

ತೇವಮಾಪಕ ಶೇಕಡ 80 ದಾಟಿದ ದಿನ ಕೆಲಸವನ್ನು ಮುಂದೂಡುವುದೇ ಲೇಸು. ಮುಂದೂಡಲಾಗದಿದ್ದರೆ ಪ್ಲೈವುಡ್ಡಿನ ಉದ್ದನೆಯ ಪೆಟ್ಟಿಗೆಯೊಳಗೆ ಹಳೆಯ ಕಾಲದ ಗುಂಡು ಬಲ್ಬೊಂದನ್ನು ಮರಕ್ಕೆ ತಾಗದಂತೆ ಉರಿಸಿ, ಒಳಗಿನ ಉಷ್ಣತೆಯನ್ನು ಹೊರಗಿಗಿಂತ ಐದಾರು ಡಿಗ್ರಿ ಏರಿಸಿದರೆ ಒಳಗಿನ ಸಾಪೇಕ್ಷ ತೇವ ತಾನಾಗಿ ಇಳಿಯುತ್ತದೆ. ಕೋಲನ್ನು ಮೊದಲೇ ಎರಡು ಮೂರು ಗಂಟೆ ಅದರೊಳಗಿಟ್ಟಿರಬೇಕು, ತಣ್ಣಗಿನ ಕೋಲನ್ನು ಒಮ್ಮೆಲೇ ಬೆಚ್ಚನೆಯ ಕಡೆ ತಂದರೆ ದಾರದ ಮೇಲೆ ಕಾಣದಷ್ಟು ತೆಳುವಾಗಿ ಇಬ್ಬನಿ ಕೂರುತ್ತದೆ. ಒಲೆಯ ಪಕ್ಕ ಅಥವಾ ಗ್ಯಾಸ್ ಸ್ಟವ್ ಉರಿಯುವ ಕೋಣೆಯಲ್ಲಿ ಇಡುವುದು ಮಾತ್ರ ಬೇಡವೇ ಬೇಡ. ಬೆಂಕಿ ಉರಿದಾಗ ಹುಟ್ಟುವುದು ನೀರಿನ ಆವಿ ಮತ್ತು ಇಂಗಾಲದ ಡೈಆಕ್ಸೈಡ್, ಪೊರೆ ಕಟ್ಟಲು ಬೇಕಾದ ಎರಡೂ ಅವೇ.

ಮಿಕ್ಕಿದ್ದರ ಉಪಯೋಗ

ಫಾಯಿಲಿನ ಮೇಲೆ ಉಳಿದದ್ದನ್ನು ಎಸೆಯದೆ ಕೋಲಿನ ಪಕ್ಕದಲ್ಲೇ ಇಡಿ, ದಿನಾಂಕ ಮತ್ತು ಕೋಣೆಯ ಉಷ್ಣತೆಯನ್ನು ಅದರ ಅಂಚಿನಲ್ಲಿ ಬರೆಯಿರಿ. ಮಾರನೆಯ ದಿನ ಕೋಲನ್ನು ಮುಟ್ಟದೆ ಇದಕ್ಕೆ ಉಗುರು ಒತ್ತಿ ನೋಡಬೇಕು. ಗುರುತು ತುಸು ಬಿದ್ದು ಅಂಟದಿದ್ದರೆ ಎಲ್ಲವೂ ಸರಿಯಾಗಿದೆ. ಪೂರ್ತಿ ಗಟ್ಟಿಯಾಗಲು ಒಂದು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಗೊರೂರಿಗೋ ಲಕ್ಕವಳ್ಳಿಗೋ ಕೋಲು ಹೊರಡುವುದು ಬೇಡ. ಎಲ್ಲೆಡೆ ಒಂದೇ ಸಮ ಅಂಟುತ್ತಿದ್ದರೆ ಅಳತೆ ತಪ್ಪಿರಬೇಕು, ಇಲ್ಲವೇ ಚಳಿ ಹೆಚ್ಚಿರಬೇಕು. ಎರಡನ್ನು ಬೇರ್ಪಡಿಸಲು 30 ಡಿಗ್ರಿಯ ಪೆಟ್ಟಿಗೆಯಲ್ಲಿ ಎರಡು ದಿನ ಇಡಿ. ಚಳಿಯದಾದರೆ ಅಷ್ಟರಲ್ಲಿ ಬಿಗಿಯುತ್ತದೆ. ಬಿಗಿಯದಿದ್ದರೂ ಲೇಪ ಜಾರದೆ ಕೂತಿದ್ದರೆ, ಸರಿಯಾಗಿ ಅಳೆದ ಹೊಸ ಕೋಟನ್ನು ಅದರ ಮೇಲೆ ಹಚ್ಚಿ ಮುಚ್ಚಬಹುದು, ಬಹುಪಾಲು ಕೋಲುಗಳು ಇದರಿಂದ ಉಳಿಯುತ್ತವೆ. ಬೆರಳಿಗೆ ಮೆತ್ತಿಕೊಳ್ಳುವಷ್ಟು ದ್ರವವಾಗಿಯೇ ಇದ್ದರೆ ದಾರವನ್ನು ಗೈಡಿನ ಪಾದದ ಮೇಲೆ ಸೀಳಿ ತೆಗೆದು, ಬ್ಲ್ಯಾಂಕನ್ನು ಸ್ಪಿರಿಟಿನಿಂದ ಒರೆಸಿ ಮತ್ತೆ ಸುತ್ತುವುದೇ ದಾರಿ; ಸೀಳುವಾಗ ಬ್ಲೇಡು ಲೋಹದ ಪಾದದ ಮೇಲಿರಲಿ, ಕಾರ್ಬನ್ ಬ್ಲ್ಯಾಂಕಿಗೆ ಗೀರು ಬಿದ್ದರೆ ಮೀನು ಎಳೆದಾಗ ಕೋಲು ಅಲ್ಲಿಯೇ ಮುರಿಯುತ್ತದೆ.

ಬಾಟಲಿಗಳ ಬಾಯಿಯನ್ನು ಬೇರೆಬೇರೆ ಬಟ್ಟೆಯಿಂದ ಒರೆಸಿ, ಮುಚ್ಚಳ ಬಿಗಿದು, ನೆರಳಿನಲ್ಲಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಹಾರ್ಡ್‌ನರ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಅದರ ಮುಚ್ಚಳದ ಮೇಲೆ ಹೆಚ್ಚಿನ ನಿಗಾ ಬೇಕು. ಅದರ ಬಣ್ಣ ತುಸು ಹಳದಿಗೆ ತಿರುಗಿದ್ದರೆ ಲೇಪಕ್ಕೂ ಆ ಛಾಯೆ ಬರುತ್ತದೆ. ಬಿಳಿ, ತಿಳಿನೀಲಿ ದಾರಗಳ ಕೋಲಿಗೆ ಹೊಸ ಬಾಟಲಿ ತೆಗೆದು, ಹಳೆಯದನ್ನು ಕಪ್ಪು, ಕಡುಗೆಂಪು ದಾರಗಳಿಗೆ ಮೀಸಲಿಡಬಹುದು.